ಆಪರೇಷನ್ ಆದ ರಾತ್ರಿಯೇ ನಾಯಿ ಸತ್ತಿತು, ಯಾರಿಗೆ ದೂರು ಕೊಡಲಿ?

ಪ್ರಶ್ನೆ: ಡಾಕ್ಟರೇ, ನಾವು ಹುಬ್ಬಳ್ಳಿಯ ಕೇಶ್ವಾಪುರದವರು. ನಮ್ಮ ಲ್ಯಾಬ್ರಡಾರ್ ಹೆಣ್ಣು ನಾಯಿ ಚಿನ್ನಿಗೆ ಎಂಟು ವರ್ಷ. ಕಳೆದ ತಿಂಗಳು ಊಟ ಬಿಟ್ಟಿತು, ನೀರು ಮಾತ್ರ ಜಾಸ್ತಿ ಕುಡಿಯುತ್ತಿತ್ತು. ಒಂದು ಖಾಸಗಿ ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಸ್ಕ್ಯಾನಿಂಗ್ ಮಾಡಿ, ಗರ್ಭಕೋಶದಲ್ಲಿ ಕೀವು ತುಂಬಿದೆ, ಇವತ್ತೇ ಆಪರೇಷನ್ ಆಗಬೇಕು ಎಂದರು. ಒಂದು ಫಾರ್ಮಿಗೆ ಸಹಿ ಮಾಡಿಸಿಕೊಂಡರು. ಮಧ್ಯಾಹ್ನ ಆಪರೇಷನ್ ಆಯಿತು, ಸಂಜೆ ಏಳಕ್ಕೆ ಮನೆಗೆ ಕಳಿಸಿದರು. ರಾತ್ರಿ ಹನ್ನೊಂದಕ್ಕೆ ಏದುಸಿರು ಶುರುವಾಯಿತು. ವಸಡು ಬಿಳಿ ಸುಣ್ಣದ ಹಾಗೆ ಆಗಿತ್ತು. ನಾಲ್ಕು ಸಲ ಫೋನ್ ಮಾಡಿದೆವು, ಯಾರೂ ಎತ್ತಲಿಲ್ಲ. ಬೆಳಗಿನ ಜಾವ ಚಿನ್ನಿ ಹೋಗಿಬಿಟ್ಟಳು. ಕುಸುಗಲ್ಲಿನ ಹತ್ತಿರ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಮರುದಿನ ಕ್ಲಿನಿಕ್‌ಗೆ ಹೋಗಿ ಕೇಳಿದರೆ, "ವಯಸ್ಸಾಗಿತ್ತು, ಸೋಂಕು ಜಾಸ್ತಿ ಇತ್ತು" ಎಂದು ಎರಡೇ ಮಾತಿನಲ್ಲಿ ಕಳಿಸಿದರು. ಒಟ್ಟು 18,500 ರೂಪಾಯಿ ಕೊಟ್ಟಿದ್ದೇವೆ. ಅಮೆರಿಕದ ಟೆಕ್ಸಾಸ್‌ನಲ್ಲಿರುವ ನನ್ನ ತಮ್ಮ, "ಅಕ್ಕಾ, ಇಲ್ಲಿ ಬೋರ್ಡಿಗೆ ಬರೆದರೆ ಲೈಸೆನ್ಸೇ ಹೋಗುತ್ತೆ, ನೀನೂ ಬರಿ" ಅನ್ನುತ್ತಾನೆ. ನಮ್ಮಲ್ಲಿ ಅಂಥ ಬೋರ್ಡ್ ಇದೆಯಾ? ಲೈಸೆನ್ಸ್ ರದ್ದು ಮಾಡುತ್ತಾ? ದುಡ್ಡು ವಾಪಸ್ ಬರುತ್ತಾ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. "ನಾಲ್ಕು ಸಲ ಫೋನ್ ಮಾಡಿದೆವು, ಯಾರೂ ಎತ್ತಲಿಲ್ಲ" ಅನ್ನುವ ಸಾಲಿನ ಹತ್ತಿರ ಎರಡು ಸಲವೂ ನಿಂತುಬಿಟ್ಟೆ. ನಿಮ್ಮ ಸಂಕಟ ಇರುವುದು ಅಲ್ಲೇ. ನಿಮ್ಮ ದೂರಿಗೆ ಬಲ ಇರುವುದೂ ಅಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೀವು ಕೇಳಿದ್ದಕ್ಕೆ ನೇರ ಉತ್ತರ. ಹೌದು, ನಮ್ಮಲ್ಲೂ ಅಂಥ ಸಂಸ್ಥೆ ಇದೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ದಿಲ್ಲಿಯಲ್ಲಿ ಒಂದು ರಾಷ್ಟ್ರೀಯ ಪರಿಷತ್ತು ಇದೆ, ಬೆಂಗಳೂರಿನಲ್ಲಿ ಕರ್ನಾಟಕ ಪಶುವೈದ್ಯಕೀಯ ಪರಿಷತ್ತು ಇದೆ. ನಾವು ಡಾಕ್ಟರುಗಳೆಲ್ಲ ಅದನ್ನು ಕೌನ್ಸಿಲ್ ಅಂತಲೇ ಕರೆಯುವುದು. ಅಲ್ಲಿ ಹೆಸರು ನೋಂದಾಯಿಸಿಕೊಳ್ಳದೆ ಈ ರಾಜ್ಯದಲ್ಲಿ ಯಾರೂ ಪಶುವೈದ್ಯ ಅಂತ ಬೋರ್ಡು ಹಾಕಿಕೊಳ್ಳುವ ಹಾಗಿಲ್ಲ. ವೈದ್ಯರ ಮೇಲಿನ ದೂರನ್ನು ವಿಚಾರಿಸುವುದೂ ಇದೇ ಕೌನ್ಸಿಲ್. ತಪ್ಪು ಸಾಬೀತಾದರೆ ಹೆಸರನ್ನು ನೋಂದಣಿ ಪುಸ್ತಕದಿಂದ ಇಂತಿಷ್ಟು ಕಾಲಕ್ಕೆ, ಇಲ್ಲವೇ ಕಾಯಂ ಆಗಿ ತೆಗೆದುಹಾಕಬಹುದು. ಆದರೆ ನಾಯಿ ಸತ್ತಿತು ಅನ್ನುವ ಒಂದೇ ಕಾರಣಕ್ಕೆ ತೆಗೆಯುವುದಿಲ್ಲ. ದುಡ್ಡನ್ನಂತೂ ಕೊಡಿಸುವುದೇ ಇಲ್ಲ. ಆ ಅಧಿಕಾರ ಕೌನ್ಸಿಲ್‌ಗೆ ಇಲ್ಲ. ದುಡ್ಡಿಗೆ ಬೇರೆ ಬಾಗಿಲು ಇದೆ, ಅದೂ ಧಾರವಾಡದಲ್ಲೇ ಇದೆ.

ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ಬೋರ್ಡ್ ಇದೆ. ಛೀಮಾರಿ, ದಂಡ, ಮತ್ತೆ ತರಬೇತಿಗೆ ಹೋಗು ಅನ್ನುವ ಆದೇಶ, ಕೆಲವು ಕಾಲ ನಿಗಾದಲ್ಲಿ ಇಡುವುದು, ಲೈಸೆನ್ಸ್ ಅಮಾನತು, ಕೊನೆಗೆ ರದ್ದು, ಹೀಗೆ ಅವರ ಕೈಯಲ್ಲಿ ಹಲವು ಮೆಟ್ಟಿಲುಗಳಿವೆ. ಆದರೆ ಬರೆದ ಕೂಡಲೇ ಲೈಸೆನ್ಸ್ ಹೋಗುವುದು ಅಲ್ಲೂ ಇಲ್ಲ. ಮಾಲೀಕರಿಗೆ ಪರಿಹಾರ ಕೊಡಿಸುವುದು ಅಲ್ಲೂ ಬೋರ್ಡಿನ ಕೆಲಸ ಅಲ್ಲ. ಇಂಗ್ಲೆಂಡಿನಲ್ಲೂ ಹಾಗೇ. ಅಲ್ಲಿಯ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ವೈದ್ಯರ ಗಂಭೀರ ದುರ್ನಡತೆಯನ್ನು ಮಾತ್ರ ಕೈಗೆತ್ತಿಕೊಳ್ಳುತ್ತದೆ. ಫೀ ಜಾಸ್ತಿ ತಗೊಂಡರು, ಚಿಕಿತ್ಸೆ ಸರಿಹೋಗಲಿಲ್ಲ ಅನ್ನುವಂಥ ಜಗಳಗಳಿಗೆ ಇಬ್ಬರನ್ನೂ ಕೂರಿಸಿ ಮಾತಾಡಿಸುವ ಒಂದು ಉಚಿತ ಸೇವೆ ಅಲ್ಲಿ ಬೇರೆಯೇ ಇದೆ. ಅಂಥದ್ದು ನಮ್ಮಲ್ಲಿ ಜಿಲ್ಲೆಗೊಂದು ಇರಬೇಕಿತ್ತು ಅಂತ ನನಗೆ ಬಹಳ ಅನಿಸುತ್ತದೆ. ನಾನು ಕಂಡ ದೂರುಗಳಲ್ಲಿ ಮುಕ್ಕಾಲು ಪಾಲು, ಯಾರಾದರೂ ಹತ್ತು ನಿಮಿಷ ಕೂತು ಸಮಾಧಾನದಿಂದ ಹೇಳಿದ್ದರೆ ದೂರೇ ಆಗುತ್ತಿರಲಿಲ್ಲ.

ಹಾಗಾಗಿ ಪೆನ್ನು ಹಿಡಿಯುವ ಮೊದಲು ಮನೆಯವರೆಲ್ಲ ಕೂತು ಒಂದು ಮಾತು ತೀರ್ಮಾನ ಮಾಡಿ: ನಿಮಗೆ ಬೇಕಾಗಿರುವುದು ಏನು? ಚಿನ್ನಿ ಯಾಕೆ ಸತ್ತಳು ಅನ್ನುವ ಉತ್ತರವಾ? ಕೊಟ್ಟ ದುಡ್ಡು ಮತ್ತು ಪರಿಹಾರವಾ? ಇಲ್ಲಾ, ಈ ಕ್ಲಿನಿಕ್‌ನಲ್ಲಿ ಇನ್ನೊಬ್ಬರ ನಾಯಿಗೆ ಹೀಗೆ ಆಗಬಾರದು ಅನ್ನುವ ಕಳಕಳಿಯಾ? ಉತ್ತರ ಬೇಕಾದರೆ ಕ್ಲಿನಿಕ್‌ಗೆ ಲಿಖಿತವಾಗಿ ಕೇಳಬೇಕು. ದುಡ್ಡು ಬೇಕಾದರೆ ಗ್ರಾಹಕರ ಆಯೋಗಕ್ಕೆ ಹೋಗಬೇಕು. ವೈದ್ಯರ ನಡತೆಯ ವಿಚಾರಣೆ ಆಗಬೇಕಾದರೆ ಕೌನ್ಸಿಲ್‌ಗೆ ಬರೆಯಬೇಕು. ಮೂರನ್ನೂ ಮಾಡಬಹುದು, ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಆದರೆ ಮೂರನ್ನೂ ಒಂದೇ ಕಾಗದದಲ್ಲಿ ತುರುಕಿ ಎಲ್ಲರಿಗೂ ಕಳಿಸಿದರೆ ಎಲ್ಲೂ ಕೆಲಸ ಆಗುವುದಿಲ್ಲ.

ಈಗ ಚಿನ್ನಿಯ ವಿಷಯ. ಆಕೆಗೆ ಬಂದದ್ದನ್ನು ನಾವು ಪಯೋಮೆಟ್ರಾ ಅನ್ನುತ್ತೇವೆ. ಮರಿ ಆಗದ ಹಾಗೆ ಆಪರೇಷನ್ ಮಾಡಿಸದ, ವಯಸ್ಸಾದ ಹೆಣ್ಣು ನಾಯಿಗಳಲ್ಲಿ ಜಾಸ್ತಿ. ಬೆದೆ ಮುಗಿದ ಒಂದೆರಡು ತಿಂಗಳೊಳಗೆ ಬರುತ್ತದೆ. ನೀವು ಬರೆದ ಲಕ್ಷಣಗಳು, ಊಟ ಬಿಡುವುದು, ನೀರು ಜಾಸ್ತಿ ಕುಡಿಯುವುದು, ಪುಸ್ತಕದಲ್ಲಿ ಇರುವ ಹಾಗೇ ಇವೆ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಕೀವು ಹೊರಗೆ ಕಾಣುವುದೇ ಇಲ್ಲ, ಒಳಗೇ ವಿಷ ಏರುತ್ತಾ ಹೋಗುತ್ತದೆ. ಆದ್ದರಿಂದ "ಇವತ್ತೇ ಆಪರೇಷನ್ ಆಗಬೇಕು" ಎಂದು ವೈದ್ಯರು ಹೇಳಿದ್ದು ಸರಿ. ಅದನ್ನು ನೀವು ತಪ್ಪು ತಿಳಿಯಬೇಡಿ. ಸುಮ್ನೆ ಹೆದರಿಸಿ ದುಡ್ಡು ಕಿತ್ತರು ಅನ್ನುವ ಮಾತನ್ನು ದೂರಿನಲ್ಲಿ ಸೇರಿಸಲೂ ಬೇಡಿ. ತಡ ಮಾಡಿದ್ದರೆ ನಾಯಿ ಹೇಗೂ ಉಳಿಯುತ್ತಿರಲಿಲ್ಲ.

ಪ್ರಶ್ನೆ ಇರುವುದು ಆಪರೇಷನ್ ಆದ ಮೇಲಿನ ಹೊತ್ತಿನದ್ದು. ವಸಡು ಬಿಳುಚಿಕೊಳ್ಳುವುದು, ಏದುಸಿರು, ಇವು ಎರಡು ಕಾರಣಕ್ಕೆ ಬರಬಹುದು. ಒಂದು, ಒಳಗೆ ಕಟ್ಟಿದ ರಕ್ತನಾಳದ ಗಂಟು ಜಾರಿ ಹೊಟ್ಟೆಯೊಳಗೆ ರಕ್ತ ಸೋರುವುದು. ಇನ್ನೊಂದು, ಮೊದಲೇ ಮೈಗೆ ಏರಿದ್ದ ಸೋಂಕಿನಿಂದ ರಕ್ತದೊತ್ತಡ ಕುಸಿಯುವುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಮೊದಲನೆಯದಾದರೆ ಆಪರೇಷನ್ನಿನ ಕೈಚಳಕದ ಬಗ್ಗೆ ಪ್ರಶ್ನೆ ಏಳುತ್ತದೆ. ಎರಡನೆಯದು ಒಳ್ಳೆಯ ಸರ್ಜನ್ನರ ಕೈಯಲ್ಲೂ ಆಗುತ್ತದೆ. ಯಾವುದು ಅಂತ ಹೇಳಬಲ್ಲದ್ದು ಮರಣೋತ್ತರ ಪರೀಕ್ಷೆ ಒಂದೇ. ಹೊಟ್ಟೆ ಬಿಚ್ಚಿದ ಕೂಡಲೇ ರಕ್ತ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ನಿಮ್ಮ ವಿಷಯದಲ್ಲಿ ಆ ಅವಕಾಶ ಹೋಯಿತು. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ, ಆ ಹೊತ್ತಿನಲ್ಲಿ ಯಾರಿಗೂ ಹೊಳೆಯುವುದಿಲ್ಲ. ಇದನ್ನು ಓದುವ ಬೇರೆಯವರಿಗಾಗಿ ಬರೆಯುತ್ತೇನೆ. ಅನುಮಾನ ಇದ್ದರೆ ಮಣ್ಣು ಮಾಡುವ ಮೊದಲು, ಚಿಕಿತ್ಸೆ ಮಾಡಿದವರಲ್ಲದ ಇನ್ನೊಬ್ಬ ಪಶುವೈದ್ಯರಿಂದ ಪೋಸ್ಟ್‌ಮಾರ್ಟಂ ಮಾಡಿಸಿ, ವರದಿ ಬರೆಸಿಕೊಳ್ಳಿ. ನಮ್ಮ ಕಡೆಯ ಬೇಸಿಗೆಯಲ್ಲಿ ಶವ ನಾಲ್ಕೈದು ತಾಸಿನಲ್ಲೇ ಕೆಡಲು ಶುರುವಾಗುತ್ತದೆ. ಗೋಣಿಚೀಲಕ್ಕೆ ಸುತ್ತಿ ಸುತ್ತಲೂ ಐಸ್ ಇಡಿ. ಆದರೆ ಮಾಂಸದಂಗಡಿಯ ಡೀಪ್ ಫ್ರೀಜರ್‌ನಲ್ಲಿ ಇಡಬೇಡಿ, ಹೆಪ್ಪುಗಟ್ಟಿದರೆ ಒಳಗಿನ ಅಂಗಾಂಶ ಒಡೆದು ಪರೀಕ್ಷೆಗೆ ಬಾರದ ಹಾಗೆ ಆಗುತ್ತದೆ. ಜಿಲ್ಲೆಯ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೇಳಿ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲೂ ವಿಚಾರಿಸಬಹುದು.

ಹಾಗಾದರೆ ನಿಮ್ಮ ಕೈಯಲ್ಲಿ ಏನೂ ಉಳಿದಿಲ್ಲವಾ? ಹಾಗೇನಿಲ್ಲ. ಇಲ್ಲಿ ನನ್ನದೇ ಒಂದು ಘಟನೆ ಹೇಳಬೇಕು.

ನಾನು ಸರ್ಕಾರದ ಪಶುಪಾಲನಾ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ದುಡಿದೆ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಇದ್ದೆ. ಒಂದು ಮಳೆಗಾಲದಲ್ಲಿ ಒಂದು ಹಳ್ಳಿಯಿಂದ ಕರೆ ಬಂತು. ಹೋದೆ. ಎಮ್ಮೆಯ ಗಂಟಲು ಕೆಳಗೆ ಬಾತುಕೊಂಡಿತ್ತು, ಗೊರಗೊರ ಉಸಿರು, ಜ್ವರ 106 ಡಿಗ್ರಿ. ಗಳಲೆ ರೋಗ. ಮಳೆಗಾಲದಲ್ಲಿ ಎಮ್ಮೆಗಳಿಗೆ ಬಂದರೆ ಒಂದೇ ದಿನದಲ್ಲಿ ಕೊಲ್ಲುವ ರೋಗ. ಇಂಜೆಕ್ಷನ್ ಕೊಟ್ಟೆ, ಇನ್ನೂ ಎರಡು ಕರೆ ಇದ್ದವು, ಗಾಡಿ ಹತ್ತಿದೆ. ಎರಡು ತಾಸಿನಲ್ಲಿ ಎಮ್ಮೆ ಸತ್ತಿತು. ಮಾರನೇ ವಾರ ಉಪ ನಿರ್ದೇಶಕರ ಕಚೇರಿಯಿಂದ ನನಗೆ ನೋಟಿಸು. "ಸಾಹೇಬ್ರು ಸೂಜಿ ಚುಚ್ಚಿದ ಮ್ಯಾಲೇ ಎಮ್ಮಿ ಬಿತ್ತ್ರಿ, ಅಲ್ಲೀತನಕ ನಿಂತೇ ಇತ್ತು" ಅಂತ ರೈತ ಬರೆಸಿದ್ದ. ಅವನು ಸುಳ್ಳು ಹೇಳಿರಲಿಲ್ಲ. ಅವನು ಕಂಡದ್ದು ಹಾಗೇ.

ನನ್ನನ್ನು ಉಳಿಸಿದ್ದು ದವಾಖಾನೆಯ ಕೇಸ್ ರಿಜಿಸ್ಟರ್. ಅದರಲ್ಲಿ ಜ್ವರ, ಉಸಿರು, ಬಾವು ಎಲ್ಲಿತ್ತು, ಯಾವ ಔಷಧಿ ಎಷ್ಟು ಎಂಎಲ್, ಎಷ್ಟು ಹೊತ್ತಿಗೆ, ಎಲ್ಲ ಬರೆದಿದ್ದೆ. ವಿಚಾರಣೆ ಮಾಡಲು ಬಂದ ಹಿರಿಯ ಅಧಿಕಾರಿ ಆ ಪುಟ ನೋಡಿದರು, ಚಿಕಿತ್ಸೆ ಸರಿಯಾಗಿದೆ ಎಂದು ಬರೆದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಇದು ಉಳಿಯೋದು ಕಷ್ಟ ಅಂತ ಅವನಿಗೆ ಹೇಳಿದ್ಯಾ?" ಹೇಳಿರಲಿಲ್ಲ. ಆ ರೈತನಿಗೆ ಅದೊಂದೇ ಕರೆಯುವ ಎಮ್ಮೆ. ಸೂಜಿ ಚುಚ್ಚಿ, ಒಂದು ಮಾತೂ ಆಡದೆ ಗಾಡಿ ಹತ್ತಿದ್ದೆ. ಚಿಕಿತ್ಸೆಯಲ್ಲಿ ತಪ್ಪು ಇರಲಿಲ್ಲ, ನಡತೆಯಲ್ಲಿ ಇತ್ತು. ಆಮೇಲೆ ಅವನ ಮನೆಗೆ ಹೋಗಿ ಕೂತು ಎಲ್ಲ ಹೇಳಿದೆ. ಅದು ಮೊದಲೇ ಆಗಬೇಕಿದ್ದ ಕೆಲಸ.

ಇದನ್ನು ಯಾಕೆ ಹೇಳಿದೆ ಅಂದರೆ, ಕೌನ್ಸಿಲ್ ನೋಡುವುದೂ ಇದೇ ಎರಡನ್ನು: ನಡತೆ ಮತ್ತು ದಾಖಲೆ. ಪಶುವೈದ್ಯರ ನಡತೆಗೆ 1992ರಲ್ಲಿ ರಾಷ್ಟ್ರೀಯ ಪರಿಷತ್ತು ನಿಯಮಗಳನ್ನು ಮಾಡಿದೆ. ಸುಳ್ಳು ಸರ್ಟಿಫಿಕೇಟ್ ಕೊಡುವುದು, ಓದಿಲ್ಲದವರನ್ನು ಮುಂದೆ ಬಿಟ್ಟು ಅವರಿಂದ ಚಿಕಿತ್ಸೆ ಮಾಡಿಸುವುದು, ಕೈಗೆ ತೆಗೆದುಕೊಂಡ ಪ್ರಾಣಿಯನ್ನು ನಡುವೆ ಕೈಬಿಡುವುದು, ಇಂಥವು ಕೌನ್ಸಿಲ್ ಮುಂದೆ ನಿಲ್ಲುವ ಮಾತುಗಳು. "ಬೇರೆ ಔಷಧಿ ಕೊಟ್ಟಿದ್ದರೆ ಬದುಕುತ್ತಿತ್ತೇನೋ" ಅನ್ನುವುದು ಅಷ್ಟಾಗಿ ನಿಲ್ಲುವುದಿಲ್ಲ. ಇಬ್ಬರು ಒಳ್ಳೆಯ ವೈದ್ಯರು ಒಂದೇ ರೋಗಕ್ಕೆ ಎರಡು ದಾರಿ ಹಿಡಿಯುವುದು ದಿನಾ ಆಗುವ ಮಾತು. ಸುಪ್ರೀಂ ಕೋರ್ಟು 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದ್ದು ಮನುಷ್ಯರ ಡಾಕ್ಟರುಗಳ ಬಗ್ಗೆ, ಆದರೆ ಅಳತೆಗೋಲು ನಮಗೂ ಅದೇ. ಅತಿ ದೊಡ್ಡ ಪರಿಣತರ ಮಟ್ಟವನ್ನು ಕೇಳಬಾರದು, ಆ ವೃತ್ತಿಯ ಒಬ್ಬ ಸಾಧಾರಣ ಜಾಣ ವೈದ್ಯ ಅಂಥ ಹೊತ್ತಿನಲ್ಲಿ ತೋರಿಸುವ ಎಚ್ಚರವನ್ನು ತೋರಿಸಿದರಾ ಅಂತ ಕೇಳಬೇಕು.

ಆ ಅಳತೆಗೋಲನ್ನು ನಿಮ್ಮ ವಿಷಯಕ್ಕೆ ಹಿಡಿದು ನೋಡೋಣ. ಕೀವು ತುಂಬಿದ ಗರ್ಭಕೋಶ ತೆಗೆಸಿಕೊಂಡ ಎಂಟು ವರ್ಷದ ನಾಯಿಗೆ ಮೊದಲ ರಾತ್ರಿಯೇ ಗಂಡಾಂತರದ ರಾತ್ರಿ. ಇದು ಪ್ರತಿ ಪಶುವೈದ್ಯನಿಗೂ ಗೊತ್ತು. ರಾತ್ರಿ ಇಟ್ಟುಕೊಂಡು ನೋಡುವ ವ್ಯವಸ್ಥೆ ನಮ್ಮ ಕಡೆ ಎಲ್ಲ ಕ್ಲಿನಿಕ್‌ಗಳಲ್ಲಿ ಇಲ್ಲ, ಅದನ್ನು ಒಪ್ಪುತ್ತೇನೆ. ಆದ್ದರಿಂದ ಸಂಜೆ ಮನೆಗೆ ಕಳಿಸಿದ್ದೇ ಅಪರಾಧ ಅಂತ ನಾನು ಹೇಳಲಾರೆ. ಆದರೆ ಕಳಿಸುವಾಗ, "ವಸಡು ಬಿಳುಚಿದರೆ, ಏದುಸಿರು ಬಂದರೆ, ಹೊಲಿಗೆಯಲ್ಲಿ ರಕ್ತ ಒಸರಿದರೆ ಈ ನಂಬರಿಗೆ ಕೂಡಲೇ ಫೋನ್ ಮಾಡಿ, ನಾನು ಸಿಗದಿದ್ದರೆ ಇಂಥವರಲ್ಲಿಗೆ ಹೋಗಿ" ಅಂತ ಹೇಳಿ ಕಳಿಸಬೇಕಿತ್ತು. ಹೇಳಿದ್ದರಾ? ಚೀಟಿಯಲ್ಲಿ ಬರೆದಿದ್ದರಾ? ನಿಮಗೆ ಕೊಟ್ಟ ನಂಬರು ರಾತ್ರಿ ಯಾರಾದರೂ ಎತ್ತುವ ನಂಬರಾ? ಆಪರೇಷನ್ನಿಗೆ ಮೊದಲು ರಕ್ತ ಪರೀಕ್ಷೆ ಆಗಿತ್ತಾ? ಕತ್ತರಿ ಹಿಡಿದವರು ಬೋರ್ಡಿನ ಮೇಲೆ ಹೆಸರಿರುವ ವೈದ್ಯರೇನಾ, ಸಹಾಯಕರಾ? ನಿಮ್ಮ ದೂರು ನಿಲ್ಲಬೇಕಾದದ್ದು ಈ ಪ್ರಶ್ನೆಗಳ ಮೇಲೆ.

ನೀವು ಸಹಿ ಮಾಡಿದ ಫಾರ್ಮಿನ ಬಗ್ಗೆ ಒಂದು ಮಾತು. ಬಹಳ ಜನ ಅಲ್ಲೇ ಸೋತುಬಿಡುತ್ತಾರೆ, "ಸಹಿ ಹಾಕಿ ಕೊಟ್ಟುಬಿಟ್ಟಿದ್ದೇವೆ, ಇನ್ನೇನು" ಅಂತ. ಆ ಸಹಿ ಆಪರೇಷನ್ನಿಗೆ ಒಪ್ಪಿಗೆ, ಅದರಲ್ಲಿ ಸಹಜವಾಗಿ ಇರುವ ಅಪಾಯಕ್ಕೆ ಒಪ್ಪಿಗೆ. ಬೇಜವಾಬ್ದಾರಿಗೆ ಯಾರೂ ಒಪ್ಪಿಗೆ ಕೊಡುವುದಿಲ್ಲ, ಕೊಟ್ಟರೂ ಅದು ನಿಲ್ಲುವುದಿಲ್ಲ.

ಇನ್ನು ಕೆಲಸಕ್ಕೆ ಬರೋಣ. ಮೊದಲನೇ ಕಾಗದ ಕ್ಲಿನಿಕ್‌ಗೇ ಹೋಗಲಿ. ಬೈಗುಳ ಬೇಡ, ಬೆದರಿಕೆ ಬೇಡ. ಚಿನ್ನಿಯ ಕೇಸ್ ಪೇಪರಿನ ಪ್ರತಿ, ಅರಿವಳಿಕೆಗೆ ಮತ್ತು ಆಮೇಲೆ ಕೊಟ್ಟ ಔಷಧಿಗಳ ವಿವರ, ರಕ್ತ ಪರೀಕ್ಷೆಯ ವರದಿ, ನೀವು ಸಹಿ ಮಾಡಿದ ಫಾರ್ಮಿನ ಪ್ರತಿ, ಸರಿಯಾದ ಬಿಲ್ಲು, ವೈದ್ಯರ ನೋಂದಣಿ ಸಂಖ್ಯೆ, ಇಷ್ಟನ್ನು ಕೇಳಿ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ, ವಾಟ್ಸಾಪಿನಲ್ಲೂ ಕಳಿಸಿ. ಕೊಟ್ಟರೆ ನಿಮಗೆ ಉತ್ತರ ಸಿಕ್ಕಿತು. ಕೊಡದಿದ್ದರೆ, ಕೊಡಲಿಲ್ಲ ಅನ್ನುವುದೇ ನಿಮ್ಮ ದೂರಿನ ಒಂದು ಅಂಶ.

ನೋಂದಣಿ ಸಂಖ್ಯೆಯನ್ನು ಮರೆಯಬೇಡಿ. ನಮ್ಮ ಊರುಗಳಲ್ಲಿ ಔಷಧಿ ಅಂಗಡಿಯವರು, ಮರಿ ಮಾರುವವರು, ಕ್ಲಿನಿಕ್‌ನಲ್ಲಿ ನಾಲ್ಕು ವರ್ಷ ಕೆಲಸ ಕಲಿತ ಹುಡುಗರು ಸೂಜಿ ಚುಚ್ಚುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಶುವೈದ್ಯ ಪದವಿ ಅಂದರೆ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಕಾಯ್ದೆಯ 30ನೇ ಕಲಮಿನ ಪ್ರಕಾರ ನೋಂದಾಯಿತ ವೈದ್ಯರೇ ಚಿಕಿತ್ಸೆ ಮಾಡಬೇಕು. ಡಿಪ್ಲೊಮಾ ಮಾಡಿದ ವೆಟರ್ನರಿ ಇನ್‌ಸ್ಪೆಕ್ಟರುಗಳಿಗೆ ಸರ್ಕಾರ ಅನುಮತಿ ಕೊಟ್ಟ ಕಡೆ ಸಣ್ಣಪುಟ್ಟ ಚಿಕಿತ್ಸೆ ಮಾಡಬಹುದು, ಅದೂ ನೋಂದಾಯಿತ ವೈದ್ಯರ ಉಸ್ತುವಾರಿಯಲ್ಲಿ. ಹೊಟ್ಟೆ ಕೊಯ್ಯುವ ಆಪರೇಷನ್ ಸಣ್ಣಪುಟ್ಟದ್ದು ಅಲ್ಲವೇ ಅಲ್ಲ. ಆಪರೇಷನ್ ಮಾಡಿದವರ ಹೆಸರು ಕೌನ್ಸಿಲ್ ಪುಸ್ತಕದಲ್ಲಿ ಇಲ್ಲ ಅಂತಾದರೆ ದಾರಿಯೇ ಬದಲಾಗುತ್ತದೆ. ಇಲ್ಲದ ಹೆಸರನ್ನು ಕೌನ್ಸಿಲ್ ತೆಗೆಯಲಾರದು. ಆಗ ಕೌನ್ಸಿಲ್‌ಗೂ ತಿಳಿಸಿ, ಪೊಲೀಸ್ ಠಾಣೆಗೂ ದೂರು ಕೊಡಬೇಕು.

ಕೌನ್ಸಿಲ್‌ಗೆ ಬರೆಯುವ ದೂರು ರಿಜಿಸ್ಟ್ರಾರ್ ಅವರ ಹೆಸರಿಗೆ ಹೋಗಬೇಕು. ಕನ್ನಡದಲ್ಲೇ ಬರೆಯಿರಿ. ಎರಡು ಪುಟ ಮೀರದಿರಲಿ. ನಾನು ನೋಡಿದ ಬಹಳಷ್ಟು ದೂರುಗಳು ಹೀಗೆ ಶುರುವಾಗುತ್ತವೆ: "ನನ್ನ ಮಗಳಂತಿದ್ದ ನಾಯಿಯನ್ನು ಈ ಕಟುಕ ವೈದ್ಯರು ಕೊಂದರು." ಓದುವವರ ಮನಸ್ಸು ಅಲ್ಲೇ ಮುಚ್ಚಿಕೊಳ್ಳುತ್ತದೆ, ಇದು ಸಿಟ್ಟಿನ ಕಾಗದ ಅಂತ. ಅದರ ಬದಲು ಹೀಗೆ ಬರೆಯಿರಿ: "ಮಧ್ಯಾಹ್ನ 2ಕ್ಕೆ ಆಪರೇಷನ್ ಶುರುವಾಯಿತು. ಸಂಜೆ 7ಕ್ಕೆ ಮನೆಗೆ ಕಳಿಸಿದರು. ಆಗ ನಾಯಿ ಎದ್ದು ನಿಲ್ಲುತ್ತಿರಲಿಲ್ಲ. ಏನು ಗಮನಿಸಬೇಕು ಅಂತ ಹೇಳಲಿಲ್ಲ. ರಾತ್ರಿ 11ಕ್ಕೆ ವಸಡು ಬಿಳಿಯಾಗಿತ್ತು, ಫೋಟೋ ಇದೆ. 11:05, 11:20, 11:50, 12:30ಕ್ಕೆ ಫೋನ್ ಮಾಡಿದೆವು, ಕಾಲ್ ಲಿಸ್ಟ್ ಲಗತ್ತಿಸಿದೆ." ಈ ಹೊತ್ತುಗಳೆಲ್ಲ ಉದಾಹರಣೆಗೆ ಬರೆದದ್ದು, ನಿಮ್ಮ ಫೋನಿನಲ್ಲಿ ಇರುವುದನ್ನು ನೋಡಿ ಹಾಕಿ. ಕಂಡದ್ದನ್ನು ಮಾತ್ರ ಬರೆಯಿರಿ, ಊಹೆ ಬೇಡ. ಕೊನೆಗೆ ಏನು ವಿಚಾರಣೆ ಆಗಬೇಕು ಅಂತ ನಾಲ್ಕು ಸಾಲು. ಸಹಿ, ವಿಳಾಸ, ಲಗತ್ತುಗಳ ಪಟ್ಟಿ. ಹೆಸರಿಲ್ಲದ ಅರ್ಜಿಗೆ ಬೆಲೆ ಇಲ್ಲ. ಅಫಿಡವಿಟ್ ಕೇಳಿದರೆ ಮಾಡಿಸಿಕೊಡಿ.

ಆಮೇಲೆ ಕೌನ್ಸಿಲ್ ಆ ವೈದ್ಯರಿಂದ ವಿವರಣೆ ಕೇಳುತ್ತದೆ. ಅವರ ಮಾತು ಕೇಳದೆ ಹೆಸರು ತೆಗೆಯುವ ಹಾಗಿಲ್ಲ, ಕಾನೂನೇ ಅದಕ್ಕೆ ಅವಕಾಶ ಕೊಡುವುದಿಲ್ಲ. ಇದಕ್ಕೆ ಕಾಲ ಹಿಡಿಯುತ್ತದೆ. ತಿಂಗಳುಗಟ್ಟಲೆ ಸುದ್ದಿಯೇ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ನನ್ನ ದೂರು ಯಾವ ಹಂತದಲ್ಲಿದೆ ಅಂತ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಇದು ಜಗಳ ಕಾಯುವುದಲ್ಲ, ಕಡತಕ್ಕೆ ಜೀವ ಬರಿಸುವುದು.

"ಡಾಕ್ಟರನ್ನು ಡಾಕ್ಟರುಗಳೇ ವಿಚಾರಿಸಿದರೆ ನ್ಯಾಯ ಸಿಗುತ್ತಾ" ಅಂತ ನೀವು ಕೇಳಿಲ್ಲ, ಆದರೆ ಕೇಳಿದಷ್ಟೇ ಸರಿ. ಕೌನ್ಸಿಲ್‌ನಲ್ಲಿ ಹೆಚ್ಚಿನವರು ನಮ್ಮವರೇ. ಅದರಲ್ಲಿ ಒಂದು ಅನುಕೂಲ ಇದೆ, ಗಂಟು ಜಾರುವುದು ಅಂದರೆ ಏನು ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಅನನುಕೂಲವೂ ಇದೆ, ಒಂದೇ ಕಾಲೇಜಿನಲ್ಲಿ ಓದಿದವರು, ಒಬ್ಬರಿಗೊಬ್ಬರು ಗುರುತಿನವರು. ಅಮೆರಿಕದ ಬೋರ್ಡುಗಳಲ್ಲಿ, ಇಂಗ್ಲೆಂಡಿನ ಕಾಲೇಜಿನಲ್ಲಿ ವೈದ್ಯರಲ್ಲದ ಸಾಮಾನ್ಯ ಜನರೂ ಕೂರುತ್ತಾರೆ. ನಮ್ಮಲ್ಲೂ ಶಿಸ್ತಿನ ವಿಚಾರಣೆಗೆ ಪ್ರಾಣಿ ಸಾಕಿದ ಇಬ್ಬರು ಸಾಮಾನ್ಯರು ಕೂತರೆ ಕೌನ್ಸಿಲ್‌ನ ಮಾತಿಗೆ ಇನ್ನೂ ತೂಕ ಬರುತ್ತದೆ. ಇದನ್ನು ನಾನು ಸೇವೆಯಲ್ಲಿದ್ದಾಗಲೂ ಹೇಳಿದ್ದೇನೆ. ಆದರೆ ದೂರುಗಳೇ ಬಾರದಿದ್ದರೆ ಯಾವ ಕೌನ್ಸಿಲ್ಲೂ ಬದಲಾಗುವುದಿಲ್ಲ, ಅಲ್ವಾ?

ದುಡ್ಡಿನ ಬಾಗಿಲು ಧಾರವಾಡದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಗದಗ, ಹಾವೇರಿಯವರಿಗೆ ಅವರವರ ಜಿಲ್ಲೆಯಲ್ಲೇ ಇದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ಕೊರತೆಯಾದರೆ ಪರಿಹಾರ ಕೇಳಬಹುದು. ಘಟನೆ ಆದ ಎರಡು ವರ್ಷದೊಳಗೆ ಹೋಗಬೇಕು. ಸೇವೆಗೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಕೋರ್ಟ್ ಫೀ ಇಲ್ಲ, ನಿಮ್ಮದು 18,500. ವಕೀಲರಿಲ್ಲದೆ ನೀವೇ ವಾದಿಸಬಹುದು. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಮೊದಲು 1915ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ, ಅದು ಗ್ರಾಹಕರ ಸಹಾಯವಾಣಿ. ಇಬ್ಬರೂ ಒಪ್ಪಿದರೆ ಆಯೋಗದವರು ಮಧ್ಯಸ್ಥಿಕೆಗೂ ಕಳಿಸುತ್ತಾರೆ. ಅಂಥ ಅವಕಾಶ ಬಂದರೆ ಬೇಡ ಅನ್ನಬೇಡಿ, ಎದುರುಬದುರು ಕೂತಾಗ ಎಷ್ಟೋ ಸಲ ಸತ್ಯ ಹೊರಗೆ ಬರುತ್ತದೆ. ಇಲ್ಲಿ ನಿಮಗೆ ಬೇಕಾಗುವುದು ಇನ್ನೊಬ್ಬ ಪಶುವೈದ್ಯರ ಲಿಖಿತ ಅಭಿಪ್ರಾಯ. ಊರಿನವರು ಬರೆದುಕೊಡಲು ಹಿಂಜರಿಯುತ್ತಾರೆ. ದಾಖಲೆಗಳನ್ನು ಹಿಡಿದುಕೊಂಡು ಬೇರೆ ಊರಿನ ವೈದ್ಯರನ್ನು, ಇಲ್ಲಾ ಕಾಲೇಜಿನ ಶಸ್ತ್ರಚಿಕಿತ್ಸೆ ವಿಭಾಗದವರನ್ನು ಕೇಳಿ ನೋಡಿ.

ಸರ್ಕಾರಿ ದನದ ದವಾಖಾನೆಯಲ್ಲಿ ಹೀಗಾಗಿದ್ದರೆ ದಾರಿ ಬೇರೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಕಡೆ ಗ್ರಾಹಕರ ಆಯೋಗಕ್ಕೆ ಹೋಗಲು ಬರುವುದಿಲ್ಲ, ಇದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದ ಮಾತು. ಅಲ್ಲಿ ತಾಲೂಕಿನ ಸಹಾಯಕ ನಿರ್ದೇಶಕರಿಗೆ, ಜಿಲ್ಲೆಯ ಉಪ ನಿರ್ದೇಶಕರಿಗೆ ಬರೆಯಬೇಕು, 1902 ಜನಸ್ಪಂದನಕ್ಕೂ ದೂರು ಕೊಡಬಹುದು. ಸರ್ಕಾರಿ ವೈದ್ಯರೂ ಕೌನ್ಸಿಲ್ ಪುಸ್ತಕದಲ್ಲಿ ಇರುವವರೇ, ಆದ್ದರಿಂದ ಆ ಬಾಗಿಲೂ ತೆರೆದೇ ಇರುತ್ತದೆ.

ಪೊಲೀಸರ ಹತ್ತಿರ ಹೋಗಬೇಕಾ? ನಿಮ್ಮ ವಿಷಯದಲ್ಲಿ ಸದ್ಯಕ್ಕೆ ಬೇಡ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಪ್ರಾಣಿಯನ್ನು ಕೇಡಿನ ಮನಸ್ಸಿನಿಂದ ಕೊಲ್ಲುವವರಿಗೆ, ಅಂಗ ಊನ ಮಾಡುವವರಿಗೆ ಇರುವುದು, ಐದು ವರ್ಷದವರೆಗೆ ಶಿಕ್ಷೆ ಇದೆ. ಬದುಕಿಸಲು ಹೋಗಿ ಕೈ ತಪ್ಪಿದ್ದಕ್ಕೆ ಅದು ಹೊಂದುವುದಿಲ್ಲ. ನಾಯಿಯನ್ನು ಬಿಟ್ಟುಹೋದ ಜಾಗದಲ್ಲಿ ಹೊಡೆದರು, ಅನ್ನ ನೀರು ಕೊಡಲಿಲ್ಲ ಅನ್ನುವಂಥದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ಬರುತ್ತದೆ. ಅದರಲ್ಲಿ ಮೊದಲ ತಪ್ಪಿಗೆ ದಂಡ ಈಗಲೂ 10ರಿಂದ 50 ರೂಪಾಯಿ. ಅರವತ್ತು ವರ್ಷ ದಾಟಿದರೂ ಈ ಮೊತ್ತ ಬದಲಾಗಿಲ್ಲ ಅನ್ನುವುದು ನನಗೆ ನಿಜವಾಗಲೂ ನೋವಿನ ವಿಷಯ.

ಗೂಗಲ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಬರೆಯುವ ಆಸೆ ಆಗುತ್ತದೆ. ದೂರು ನಡೆಯುತ್ತಿರುವಷ್ಟು ದಿನ ತಡೆದುಕೊಳ್ಳಿ. ಕೊಲೆಗಾರ, ಕಳ್ಳ ಅಂತ ಬರೆದರೆ ಮಾನನಷ್ಟದ ಕೇಸು ನಿಮ್ಮ ಮೇಲೆಯೇ ತಿರುಗುತ್ತದೆ, ಆಗ ಚಿನ್ನಿಯ ಮಾತು ಹಿಂದೆ ಸರಿದು ಆ ಜಗಳವೇ ಮುಂದೆ ಬರುತ್ತದೆ.

ಇವತ್ತು ಸಂಜೆಯೇ ಮಾಡಬೇಕಾದ ಒಂದು ಕೆಲಸ ಹೇಳುತ್ತೇನೆ. ಕ್ಲಿನಿಕ್‌ನವರು ಕೊಟ್ಟ ಸ್ಕ್ಯಾನಿಂಗ್ ಚಿತ್ರ ನಿಮ್ಮ ಹತ್ತಿರ ಇದ್ದರೆ ತೆಗೆಯಿರಿ. ಅದು ಬಸ್ ಟಿಕೆಟ್ಟಿನಂಥ ನುಣುಪು ಕಾಗದ, ಬಿಸಿಲಿಗೂ ಬಿಸಿಗೂ ಮಾಸುತ್ತದೆ. ವರ್ಷ ಕಳೆದು ಆಯೋಗದ ಮುಂದೆ ಹಿಡಿದಾಗ ಬರೀ ಬಿಳಿ ಕಾಗದ ಉಳಿದಿರುತ್ತದೆ. ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದುಕೊಳ್ಳಿ, ಎರಡು ಝೆರಾಕ್ಸ್ ಮಾಡಿಸಿ. ಹಾಗೇ ಫೋನಿನ ಕಾಲ್ ಲಿಸ್ಟಿನಲ್ಲಿ ಆ ರಾತ್ರಿಯ ನಾಲ್ಕು ಕರೆಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ಹಳೆಯ ಕರೆಗಳು ಫೋನಿನಲ್ಲಿ ತಾವಾಗಿಯೇ ಅಳಿಸಿಹೋಗುತ್ತವೆ. ಆ ಎರಡನ್ನೂ ನಿಮ್ಮ ತಮ್ಮನಿಗೂ ಕಳಿಸಿಡಿ.